ನೂರು ಗ್ರಾಮಿಗೆ

ಗೃಹವಿಜ್ಞಾನದ ಇಂದುಮತಿ ಮೇಡಂ ಹೇಳಿದ್ರು:
ನಿಮ್ಮ ನಿಮ್ಮ ಓಣಿಯ ಎರಡು ತಿನಿಸು ತಗೋರಿ,
ನೂರು ಗ್ರಾಮಿಗೆ ಏನೇನದ, ಪಟ್ಟಿ ಮಾಡಿ ತರ್ರಿ.

ಹುಮನಾಬಾದಿನ ನಮ್ಮ ಓಣಿಯಾಗ ಇರೋದೇ ಎರಡು.
ಈ ಕಡೆ ಅಪ್ಪನ ಭಟ್ಟಿ,
ಆ ಕಡೆ ಮೈನೋದ್ದೀನ್ ಚಾಚಾನ ಕೋಳಿ.
ನಡುವೆ ಹನ್ನೆರಡು ಫೂಟಿನ ರಸ್ತೆ, ಒಂದು ಮೋರಿ,
ಮತ್ತ ಹನ್ನೊಂದು ವರ್ಷದಿಂದ ನಿಂತ ಮಾತು.
ಒಂದು ಪುಕ್ಕ, ಅಷ್ಟೇ.
ಒಂದು ಕೆಂಪು ಪುಕ್ಕ ಹಾರಿ ಬಂದು
ಕ್ರಿಸ್‌ಮಸ್ ಕೇಕಿನ ಹಿಟ್ಟಿನ್ಯಾಗ ಬಿದ್ದಿತ್ತು.

ಪತ್ತಾರ ಬಸಲಿಂಗಪ್ಪನ ತಕ್ಕಡಿ ಬೇಡಿ ತಂದೆ.
ಕಾಲು ಕಿಲೋ ಹಸಿ ಮಾಂಸ ಭಗೋಣಿಗೆ ಹೋಗಿ
ಬೆಂದು ಬಂದಾಗ ನೂರಾ ಎಂಬತ್ತು.
ನೀರು ಬಿಟ್ಟು, ಸಣ್ಣಾಗಿ, ಗಟ್ಟಿಯಾಗಿ,
ಜಗಳ ಮುಗಿಸಿ ಮೂಲಿ ಹಿಡಿದ ಮನುಷ್ಯಾನ ಹಂಗ.
ಅಪ್ಪನ ಬನ್ನು ಉಲ್ಟಾ.
ಮುಷ್ಟಿಯಷ್ಟು ಕಣಕ ಭಟ್ಟಿಯೊಳಗ ಹೋಗಿ
ಗಾಳಿ ನುಂಗಿ, ಬೀಗರ ಮುಂದ ನಿಂತ ಸೋದರಮಾವನಂಗ
ಎದಿ ಉಬ್ಬಿಸಿ ಹೊರಗ ಬಂತು.
ತೂಗಿದ್ರ ಐವತ್ತು ಗ್ರಾಮೂ ಇಲ್ಲ.

ಬರದೆ.
ಪ್ರೋಟೀನು: ಬನ್ನಿಗೆ ಒಂಬತ್ತರ ಹತ್ರ, ಕೋಳಿಗೆ ಇಪ್ಪತ್ತೇಳು.
ನಾರು: ಬನ್ನಿಗೆ ಎರಡು, ಕೋಳಿಗೆ ಸೊನ್ನಿ.
ಕಬ್ಬಿಣದ ವಿಷಯಕ್ಕ ಇಬ್ಬರೂ ಜಿಪುಣರು.

ಅಪ್ಪ ಹೆಗಲ ಮ್ಯಾಲಿಂದ ಓದಿದ.
"ಅಂದ್ರ ಅಂವ ಗೆದ್ದ."
"ಗೆಲ್ಲೋದಲ್ಲಪ್ಪಾ, ಇದು ಬರೇ ಪಟ್ಟಿ."
"ಇಪ್ಪತ್ತೇಳಕ್ಕ ಒಂಬತ್ತು. ಮೂರು ಪಟ್ಟು ಸೋತೀನಿ."
ತೊಳೆದ ಟ್ರೇ ಮತ್ತೊಮ್ಮೆ ತಿಕ್ಕಿದ.
ಭಾಳ ಹೊತ್ತಿನ ಮ್ಯಾಲ ಕೇಳಿದ:
"ಇದರಾಗ ಉಧಾರಿ ಖಾನೆ ಎಲ್ಲದ?
ನಸುಕಿನ್ಯಾಗ ಇಟ್ಟಂಗಿ ಭಟ್ಟಿಗೆ ಹೋಗೋ ಹೆಣ್ಮಕ್ಕಳು
ಒಂದೊಂದು ಟೋಸ್ಟು ಸೆರಗಿನ್ಯಾಗ ಕಟ್ಕೊಂಡು
ಶನಿವಾರ ಕೊಡ್ತೀವಿ ಪ್ರಭುದಾಸಣ್ಣಾ ಅಂತಾರ.
ಆ ಹೊತ್ತಿನ್ಯಾಗ ನಿನ್ನ ಇಪ್ಪತ್ತೇಳು
ಯಾರ ಸೆರಗಿನ್ಯಾಗ ಹೋಗ್ತದ ಹೇಳು?"
ಪುಸ್ತಕದಾಗ ಹುಡುಕಿದೆ. ಇರಲಿಲ್ಲ.

ಚಾಚಾಗೆ ಗೆದ್ದ ಸುದ್ದಿ ಹೇಳಿದ್ರ
ಅಂವ ಕತ್ತಿ ಒರೆಸ್ಕೋತ ನಕ್ಕ.
"ಬೇಟಿ, ಎದಿ ಮಾಂಸ ತೂಗೀದಿ.
ಎದಿ ಮಾಂಸ ನನ್ನ ಮನಿಗೆ ಎಂದ ಬಂದದ?"

ಅದು ಖರೇ. ಅಂಗಡಿ ಮುಚ್ಚಿದ ಮ್ಯಾಲ
ಯಾರೂ ತೂಗದ ಕುತ್ತಿಗಿ, ಕಾಲು, ಪಕ್ಕಡಿ
ಹಸಿ ಶುಂಠಿ, ಮೆಣಸು ಹಾಕಿ ಕುದಸ್ತಾನ.
ಎಂಟು ವರ್ಷದವಳಿದ್ದಾಗಿಂದ ನಾನೇ ಹೊರ್ತೀನಿ:
ಮಾರದೆ ಉಳಿದ ಪಾವು ಆ ಕಡೆಗೆ,
ಅದೇ ಡಬ್ಬಿಯಾಗ ಶೋರ್ವಾ ಈ ಕಡೆಗೆ.
ಯಾರು ಕೊಟ್ರು ಅಂತ ಇಂವ ಕೇಳಂಗಿಲ್ಲ.
ಯಾರಿಗಿ ಅಂತ ಅಂವ ಕೇಳಂಗಿಲ್ಲ.
ಅವ್ವ ಇದ್ದಾಗ ಮುಚ್ಚಳಕ್ಕ ಬಟ್ಟಿ ಕಟ್ತಿದ್ಲು.

ಮೊನ್ನೆ ರಾತ್ರಿ ಪಟ್ಟಿ ಪಕ್ಕಕ್ಕ ಸರಿಸಿ
ಎರಡು ದಿನದ ಪಾವು ಶೋರ್ವಾದಾಗ ಅದ್ದಿದೆ.
ಅದು ಮೊದಲು ಒಂದು ಉಸುರು ಬಿಟ್ಟಿತು,
ಸಣ್ಣ ಸಣ್ಣ ಗುಳ್ಳಿ:
ಭಟ್ಟಿಯಾಗ ನುಂಗಿದ ಗಾಳಿ.
ಆಮ್ಯಾಲ ಕೋಳಿ ಬಿಟ್ಟ ನೀರು
ಗುಟುಕು ಗುಟುಕಾಗಿ ಕುಡೀತು.
ಅಡಿಗಿಮನಿ ಬಾಗಿಲಿನ್ಯಾಗ ನಿಂತಿದ್ದ ಅಪ್ಪ
"ಉಪ್ಪು ಜಾಸ್ತಿ ಹಾಕ್ಯಾನ" ಅಂದ.
ಹನ್ನೊಂದು ವರ್ಷದಾಗ ಅವನ ಬಗ್ಗೆ
ಅಪ್ಪ ಆಡಿದ ಮೊದಲನೇ ಮಾತು.

ಮೂರನೇ ಖಾನೆ ಎಳೆದೆ, ಖಾಲಿ ಬಿಟ್ಟೆ.
ಹತ್ತಕ್ಕ ಆರು ಬಂತು. ಕೆಂಪು ಶಾಯಿಯಾಗ:
ಕೇಳಿದ್ದು ಎರಡೇ.
"ಇಲ್ಲಿ ಇದೇನು, ಹಳದಿ ಕಲೆ?"
"ಜಿಡ್ಡು, ಮೇಡಂ" ಅಂದೆ.
"ತೂಗಿಲ್ಲ."